ನಾಲ್ಕು ಪ್ಲೇಟು, ಒಂದು ಚಿತ್ರ: ಅಚ್ಚಿಗೆ ಕೊಡುವ ಮುನ್ನ ಬಣ್ಣ ಬಿಡಿಸಿ ನೋಡುವ ಕ್ರಮ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಶಿವಮೊಗ್ಗದ ಪ್ರೆಸ್ಸುಗಳಿಗೆ ಬರುವ ಮಲ್ಟಿಕಲರ್ ಕೆಲಸಗಳು ಹೆಚ್ಚುಕಡಿಮೆ ಒಂದೇ ಥರದವು: ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಉತ್ಸವದ ಕರಪತ್ರ, ಯಕ್ಷಗಾನ ಮೇಳದ ಪೋಸ್ಟರ್, ಹೋಮ್‌ಸ್ಟೇಯ ಬ್ರೋಷರ್, ಲಗ್ನಪತ್ರಿಕೆ. ಅಚ್ಚಾಗಿ ಬಂದ ಮೇಲಿನ ದೂರುಗಳೂ ಅಷ್ಟೇ. ಮೊಬೈಲಿನಲ್ಲಿ ಕಣ್ಣು ಕುಕ್ಕುತ್ತಿದ್ದ ಗದ್ದೆಯ ಹಸಿರು ಹಾಳೆಯಲ್ಲಿ ಮಂಕಾಯಿತು, ಅಕ್ಷರದ ಅಂಚಿಗೆ ಕೆಂಪು ನೆರಳು ಅಂಟಿತು, ಮುಖಗಳು ಕಪ್ಪಿಟ್ಟವು. ಇವುಗಳಲ್ಲಿ ಬಹುಪಾಲು ದೋಷ ಫೈಲು ಪ್ರೆಸ್ಸಿನ ಬಾಗಿಲಿಗೆ ಬರುವ ಮೊದಲೇ ಅದರೊಳಗೆ ಕೂತಿರುತ್ತದೆ. ನೋಡುವ ಕ್ರಮ ಗೊತ್ತಿದ್ದರೆ ಅದನ್ನು ಮನೆಯಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ ಹಿಡಿಯಬಹುದು.

ಆ ಕ್ರಮ ಇಷ್ಟು: ಡಿಸೈನನ್ನು ಒಂದು ಬಣ್ಣದ ಚಿತ್ರವೆಂದು ನೋಡುವುದನ್ನು ಬಿಟ್ಟು, ನಾಲ್ಕು ಒಂಟಿಬಣ್ಣದ ಚಿತ್ರಗಳೆಂದು ಬಿಡಿಸಿ ನೋಡುವುದು. ಆಫ್‌ಸೆಟ್ ಮಷಿನ್ನಿನ ಒಂದು ಯೂನಿಟ್ಟು ಒಂದೇ ಶಾಯಿಯನ್ನು ಹಚ್ಚಬಲ್ಲದು. ಸಯಾನ್ (ಹಸಿರು ಬೆರೆತ ತಿಳಿ ನೀಲಿ), ಮೆಜೆಂಟಾ (ನೇರಳೆ ಬೆರೆತ ಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗೆ ನಾಲ್ಕು ಅಲ್ಯೂಮಿನಿಯಂ ಪ್ಲೇಟು. ಚಿತ್ರವನ್ನು ಈ ನಾಲ್ಕಕ್ಕೆ ಹಂಚುವ ಕೆಲಸವೇ ಕಲರ್ ಸೆಪರೇಷನ್.

ಬಣ್ಣ ಹೇಗೆ ಬೇರೆಯಾಗುತ್ತದೆ

ಮೊಬೈಲಿನ ಪರದೆ ತಾನೇ ಬೆಳಗುತ್ತದೆ. ಕೆಂಪು, ಹಸಿರು, ನೀಲಿ ಬೆಳಕನ್ನು ಸೇರಿಸಿದಷ್ಟೂ ಅದು ಬಿಳಿಯ ಕಡೆಗೆ ಹೋಗುತ್ತದೆ. ಹಾಳೆಗೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಶಾಯಿ ನುಂಗಿಕೊಂಡು, ಉಳಿದದ್ದನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಸಯಾನ್ ಕೆಂಪು ಬೆಳಕನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಒಂದರ ಮೇಲೊಂದು ಶಾಯಿ ಕೂತಷ್ಟೂ ಕತ್ತಲಾಗುತ್ತದೆ.

ಬಣ್ಣ ಬಿಡಿಸುವ ಉಪಾಯ ಹುಟ್ಟಿದ್ದೇ ಈ ಲೆಕ್ಕದಿಂದ. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಒಂದು ಬಣ್ಣದ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ತೆಗೆದ ಕಪ್ಪು-ಬಿಳುಪು ಚಿತ್ರಗಳಿಂದ ಮತ್ತೆ ಬಣ್ಣದಲ್ಲಿ ತೋರಿಸಿದ. ಮುಂದೆ ಮುದ್ರಣದ ಪ್ರೊಸೆಸ್ ಕ್ಯಾಮೆರಾಗಳು ಅದೇ ದಾರಿ ಹಿಡಿದವು. ಕೆಂಪು ಫಿಲ್ಟರಿನ ನೆಗೆಟಿವ್‌ನಿಂದ ಸಯಾನ್ ಪ್ಲೇಟು, ಹಸಿರು ಫಿಲ್ಟರಿನದರಿಂದ ಮೆಜೆಂಟಾ, ನೀಲಿ ಫಿಲ್ಟರಿನದರಿಂದ ಹಳದಿ. ಅಡಿಕೆ ಮರದ ಸೋಗೆಯನ್ನೇ ತೆಗೆದುಕೊಳ್ಳಿ. ಅದು ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುವುದು ತೀರಾ ಕಡಿಮೆ. ಹಾಗಾಗಿ ಕೆಂಪು ಫಿಲ್ಟರಿಗೆ ಸೋಗೆ ಕತ್ತಲೆಯಾಗಿ ಕಾಣುತ್ತದೆ, ಆ ಜಾಗದಲ್ಲಿ ಸಯಾನ್ ಪ್ಲೇಟು ತುಂಬಿಕೊಳ್ಳುತ್ತದೆ. ಈಗ ಫಿಲ್ಟರೂ ಇಲ್ಲ, ಹೆಚ್ಚಿನ ಕಡೆ ಫಿಲ್ಮೂ ಇಲ್ಲ. ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ, ಸಿಟಿಪಿ (ಕಂಪ್ಯೂಟರ್-ಟು-ಪ್ಲೇಟ್) ಯಂತ್ರದ ಲೇಸರ್ ನೇರವಾಗಿ ಪ್ಲೇಟಿನ ಮೇಲೆ ಬರೆಯುತ್ತದೆ.

ಮೂರೇ ಶಾಯಿ ಸಾಕಾಗಬೇಕಿತ್ತು. ಆದರೆ ನಿಜವಾದ ಶಾಯಿಗಳು ಅಷ್ಟು ಶುದ್ಧವಲ್ಲ. ಮೂರನ್ನೂ ಪೂರ್ತಿ ಸುರಿದರೂ ಸಿಗುವುದು ಕೆಸರಿನಂಥ ಕಂದು. ನೆರಳಿಗೆ ಆಳ ಕೊಡಲು, ಅಕ್ಷರಕ್ಕೆ ಚೂಪು ಕೊಡಲು, ಶಾಯಿಯ ಹೊರೆ ಇಳಿಸಲು ಕಪ್ಪು ಬೇಕಾಯಿತು.

ಇನ್ನೊಂದು ಮಾತು. ಪ್ಲೇಟಿಗೆ ತಿಳಿ ಬಣ್ಣ ಗೊತ್ತಿಲ್ಲ. ಒಂದು ಬಿಂದುವಿನಲ್ಲಿ ಶಾಯಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ತಿಳಿ ಗುಲಾಬಿಯೆಂದರೆ ಬಿಳಿ ಹಾಳೆಯ ಮೇಲೆ ದೂರದೂರ ಕೂತ ಸಣ್ಣ ಮೆಜೆಂಟಾ ಚುಕ್ಕಿಗಳು. ನಾಲ್ಕೂ ಪ್ಲೇಟುಗಳ ಚುಕ್ಕಿಸಾಲು ಒಂದೇ ಕೋನದಲ್ಲಿದ್ದು ಒಂದಿಷ್ಟು ಜರುಗಿದರೆ, ಎರಡು ಪದರ ಸೊಳ್ಳೆಪರದೆಯ ಮೂಲಕ ನೋಡಿದಾಗ ಕಾಣುವಂಥ ಅಲೆಗಳು ಏಳುತ್ತವೆ. ಅದಕ್ಕಾಗಿ ಪ್ರತಿ ಪ್ಲೇಟನ್ನೂ ಬೇರೆ ಕೋನಕ್ಕೆ ತಿರುಗಿಸುತ್ತಾರೆ. ಸಾಮಾನ್ಯ ಕ್ರಮದಲ್ಲಿ ಸಯಾನ್ 15 ಡಿಗ್ರಿ, ಕಪ್ಪು 45, ಮೆಜೆಂಟಾ 75, ಹಳದಿ 0. ಕಣ್ಣಿಗೆ ಬೇಗ ಹೊಡೆಯುವ ಮೂರಕ್ಕೆ ಮಧ್ಯೆ 30 ಡಿಗ್ರಿ ಅಂತರ. ಹಳದಿ ಮಸುಕಾದ್ದರಿಂದ ಅದಕ್ಕೆ 15 ಡಿಗ್ರಿಯೇ ಸಾಕು. ಕೈಯಲ್ಲಿ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಯಾವುದಾದರೂ ವಾರಪತ್ರಿಕೆಯ ಮುಖಪುಟದ ಮೇಲಿಟ್ಟು ನೋಡಿ. ಚುಕ್ಕಿಗಳು ಸಣ್ಣ ಹೂವಿನ ಆಕಾರದಲ್ಲಿ ಗುಂಪುಗೂಡಿರುವುದು ಕಾಣುತ್ತದೆ.

ಮೊದಲ ಹೆಜ್ಜೆ: ಹಾಳೆ ನಿರ್ಧರಿಸಿ, ಆಮೇಲೆ ಬಣ್ಣ

ಡಿಸೈನ್ ಮುಗಿಸಿ ಕೊನೆಗೆ ಹಾಳೆಯ ಮಾತು ಎತ್ತುವುದು ನಮ್ಮಲ್ಲಿ ವಾಡಿಕೆ. ಇದು ತಲೆಕೆಳಗು. ಸೆಪರೇಷನ್ನಿನ ಲೆಕ್ಕವೆಲ್ಲ ಹಾಳೆಯ ಮೇಲೆ ನಿಂತಿದೆ.

ಆರ್ಟ್ ಪೇಪರಿಗೆ ಲೇಪನವಿರುವುದರಿಂದ ಶಾಯಿ ಮೇಲೆಯೇ ನಿಲ್ಲುತ್ತದೆ. ಲೇಪನವಿಲ್ಲದ ಮ್ಯಾಪ್‌ಲಿಥೊ ಹೀರಿಕೊಳ್ಳುತ್ತದೆ. ನ್ಯೂಸ್‌ಪ್ರಿಂಟ್ ಇನ್ನೂ ಹೆಚ್ಚು ಹೀರುತ್ತದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಭದ್ರಾವತಿಯಲ್ಲಿ ನ್ಯೂಸ್‌ಪ್ರಿಂಟ್ ತಯಾರಿಸುತ್ತಿದ್ದ ಕಾಲದಿಂದ ಆ ಕಾಗದದ ಗುಣ ನಮ್ಮ ಭಾಗದ ಮುದ್ರಕರಿಗೆ ಚೆನ್ನಾಗಿ ಗೊತ್ತು. ಹೀರಿದ ಚುಕ್ಕಿ ಹರಡಿ ದೊಡ್ಡದಾಗುತ್ತದೆ. ಇದನ್ನು ಡಾಟ್ ಗೇನ್ ಅನ್ನುತ್ತಾರೆ. ಫೈಲಿನಲ್ಲಿ ಶೇ 50 ಇದ್ದ ಚುಕ್ಕಿ ನ್ಯೂಸ್‌ಪ್ರಿಂಟಿನಲ್ಲಿ ಶೇ 75ರ ಆಸುಪಾಸಿನ ಗಾಢತೆಯಲ್ಲಿ ಕಾಣುತ್ತದೆ. ಸ್ಮರಣ ಸಂಚಿಕೆಯ ಮುಖಗಳು ಕಪ್ಪಿಡುವುದಕ್ಕೆ ಮುಖ್ಯ ಕಾರಣ ಇದೇ. ಆರ್ಟ್ ಪೇಪರಿಗೆಂದು ಬಿಡಿಸಿದ ಚಿತ್ರವನ್ನು ಖರ್ಚು ಉಳಿಸಲು ಮ್ಯಾಪ್‌ಲಿಥೊ ಮೇಲೆ ಹಾಕಿಸಿರುತ್ತಾರೆ.

ಶಾಯಿಯ ಒಟ್ಟು ಹೊರೆಯೂ ಹಾಳೆಗೆ ತಕ್ಕಂತೆ. ಒಂದು ಜಾಗದಲ್ಲಿ ನಾಲ್ಕೂ ಶಾಯಿಯ ಶೇಕಡಾವನ್ನು ಕೂಡಿದರೆ ಗರಿಷ್ಠ 400 ಆಗಬಹುದು. ಅಷ್ಟನ್ನು ಯಾವ ಹಾಳೆಯೂ ತಡೆಯುವುದಿಲ್ಲ. ಆರ್ಟ್ ಪೇಪರಿಗೆ 300ರ ಸುತ್ತ, ಮ್ಯಾಪ್‌ಲಿಥೊಗೆ 260ರಿಂದ 280, ನ್ಯೂಸ್‌ಪ್ರಿಂಟಿಗೆ 220ರಿಂದ 240 ದಾಟದಂತೆ ನೋಡಿಕೊಳ್ಳಿ. ಚುಕ್ಕಿಯ ಸೂಕ್ಷ್ಮತೆಯೂ ಹಾಗೆಯೇ: ಪತ್ರಿಕೆಗಳಲ್ಲಿ ಇಂಚಿಗೆ 85ರಿಂದ 100 ಸಾಲು, ಆರ್ಟ್ ಪೇಪರಿನಲ್ಲಿ 150ರಿಂದ 175.

ಪ್ರೆಸ್ಸಿನವರಲ್ಲಿ ಎರಡೇ ಪ್ರಶ್ನೆ ಕೇಳಿ. ಯಾವ ಕಲರ್ ಪ್ರೊಫೈಲ್ (ಒಂದು ಹಾಳೆ-ಶಾಯಿ ಜೋಡಿಗೆ ಬಣ್ಣ ಬದಲಿಸುವ ಲೆಕ್ಕದ ಫೈಲು) ಬಳಸಲಿ? ಮಷಿನ್ ನಾಲ್ಕು ಬಣ್ಣದ್ದೋ ಎರಡು ಬಣ್ಣದ್ದೋ? ಎರಡನೆಯ ಪ್ರಶ್ನೆ ಯಾಕೆಂಬುದು ಮಳೆಯ ಮಾತು ಬಂದಾಗ ತಿಳಿಯುತ್ತದೆ. ಪ್ರೊಫೈಲಿನ ಬಗ್ಗೆ ಖಚಿತ ಉತ್ತರ ಸಿಗದಿದ್ದರೆ ಆರ್ಟ್ ಪೇಪರಿಗೆ ಫೋಗ್ರಾ39 ಎಂಬ ಪ್ರೊಫೈಲ್ ಹಿಡಿದು ಮುಂದುವರಿಯಬಹುದು. ಮ್ಯಾಪ್‌ಲಿಥೊಗೆ ಮಾತ್ರ ಲೇಪನವಿಲ್ಲದ ಕಾಗದದ ಪ್ರೊಫೈಲನ್ನೇ ಆರಿಸಿ.

ಎರಡನೆಯ ಹೆಜ್ಜೆ: ಫೋಟೊ

ಫೋಟೊದ ಸೂಕ್ಷ್ಮತೆ ಚುಕ್ಕಿಸಾಲಿನ ಎರಡು ಪಟ್ಟು ಇರಬೇಕು. 150 ಸಾಲಿಗೆ ಇಂಚಿಗೆ 300 ಪಿಕ್ಸೆಲ್. ಆರು ಇಂಚು ಅಗಲದ ಜೋಗದ ಚಿತ್ರಕ್ಕೆ 1800 ಪಿಕ್ಸೆಲ್. ವಾಟ್ಸಾಪಿನಲ್ಲಿ ಫೋಟೊ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅದು ದಾರಿಯಲ್ಲೇ ಕುಗ್ಗುತ್ತದೆ.

ಬೆಳಕು, ಕಾಂಟ್ರಾಸ್ಟ್ ತಿದ್ದುವ ಕೆಲಸವನ್ನೆಲ್ಲ ಆರ್‌ಜಿಬಿಯಲ್ಲೇ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದಲ್ಲೇ ಮುಗಿಸಿ. ಮೂಲ ಫೈಲನ್ನು ತೆಗೆದಿಟ್ಟು, ಅದರ ನಕಲನ್ನು ಆರಿಸಿದ ಪ್ರೊಫೈಲಿಗೆ ಬದಲಿಸಿ. ಬದಲಿಸುವ ಮೊದಲು ಸಾಫ್ಟ್ ಪ್ರೂಫ್ (ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ನೋಟ) ತೆರೆದು ನೋಡಿದರೆ ಯಾವ ಬಣ್ಣ ಕೈಬಿಟ್ಟು ಹೋಗುತ್ತದೆಂದು ಮುಂಚೆಯೇ ಗೊತ್ತಾಗುತ್ತದೆ. ನಮ್ಮ ಕಡೆಯ ಚಿತ್ರಗಳಲ್ಲಿ ಹೊಡೆತ ಬೀಳುವುದು ಹಸಿರಿಗೆ. ಭತ್ತದ ಸಸಿಮಡಿಯ ಎಳೆಹಸಿರು ಪರದೆಯಲ್ಲಿ ಹೊಳೆಯುವಷ್ಟು ನಾಲ್ಕು ಶಾಯಿಗಳಲ್ಲಿ ಎಂದೂ ಹೊಳೆಯುವುದಿಲ್ಲ. ಆ ಹೊಳಪು ಶಾಯಿಯ ವ್ಯಾಪ್ತಿಯ ಹೊರಗಿದೆ. ಗಾಢ ನೀಲಿ, ಕಿತ್ತಳೆಯ ಕಥೆಯೂ ಅದೇ.

ಆದರೆ ಇರುವ ವ್ಯಾಪ್ತಿಯೊಳಗೆ ಹಸಿರನ್ನು ತಾಜಾ ಇಡುವ ದಾರಿ ಇದೆ, ಮತ್ತು ಅದು ಮೆಜೆಂಟಾ ಪ್ಲೇಟಿನಲ್ಲಿದೆ. ಎಲೆಯ ಹಸಿರನ್ನು ಕೊಡುವುದು ಸಯಾನ್ ಮತ್ತು ಹಳದಿ. ಅಲ್ಲಿಗೆ ನುಸುಳುವ ಮೆಜೆಂಟಾ ಅದನ್ನು ಕಂದಾಗಿಸುತ್ತದೆ. ಹಾಗೆಂದು ಪೂರ್ತಿ ತೆಗೆದರೆ ಎಲೆ ಚಪ್ಪಟೆಯಾಗಿಬಿಡುತ್ತದೆ, ಏಕೆಂದರೆ ಸೋಗೆಯ ಮಡಿಕೆ, ನರ, ನೆರಳಿನ ರೂಪ ಇರುವುದು ಮೆಜೆಂಟಾ ಮತ್ತು ಕಪ್ಪು ಪ್ಲೇಟುಗಳಲ್ಲೇ. ಬೆಳಕು ಬಿದ್ದ ಎಲೆಯಲ್ಲಿ ಮೆಜೆಂಟಾವನ್ನು ಇಳಿಸಿ, ನೆರಳಿನಲ್ಲಿ ಹಾಗೇ ಬಿಡಿ. ತೋಟದ ಚಿತ್ರ ತೆರೆದಾಗ ಮೊದಲು ಮೆಜೆಂಟಾ ಚಾನೆಲ್ ಒಂದನ್ನೇ ನೋಡುವುದು ಒಳ್ಳೆಯ ಅಭ್ಯಾಸ. ಹಸಿರಿನ ಹಣೆಬರಹ ಅಲ್ಲೇ ಓದಬಹುದು.

ಮುಖಗಳಿಗೂ ಒಂದು ಅಳತೆಗೋಲಿದೆ. ನಮ್ಮ ಮೈಬಣ್ಣದಲ್ಲಿ ಹಳದಿ ಮತ್ತು ಮೆಜೆಂಟಾ ಹತ್ತಿರಹತ್ತಿರ, ಹಳದಿ ತುಸು ಮುಂದೆ. ಸಯಾನ್ ಅವುಗಳ ಮೂರನೇ ಒಂದರಿಂದ ಅರ್ಧದವರೆಗೆ. ಮೆಜೆಂಟಾ ಹಳದಿಯನ್ನು ದಾಟಿದರೆ ಮುಖ ಬಿಸಿಲಿಗೆ ಸುಟ್ಟಂತೆ ಕಾಣುತ್ತದೆ, ಸಯಾನ್ ಏರಿದರೆ ಕಳೆಗುಂದುತ್ತದೆ. ಹಳೆಯ ವಿದ್ಯಾರ್ಥಿಗಳ ಸಾಲುಸಾಲು ಭಾವಚಿತ್ರ ಹಾಕುವ ಸಂಚಿಕೆಯಲ್ಲಿ ಪ್ರತಿ ಮುಖದ ಕೆನ್ನೆಯ ಮೇಲೂ ಐಡ್ರಾಪರ್ ಎಂಬ ಬಣ್ಣ ಅಳೆಯುವ ಸಾಧನ ಇಟ್ಟು ಅಂಕಿ ನೋಡಿ. ಪರದೆಯ ಹೊಳಪು ಮೋಸ ಮಾಡುತ್ತದೆ, ಅಂಕಿ ಮಾಡುವುದಿಲ್ಲ.

ಪ್ರೊಫೈಲ್ ಬದಲಿಸುವಾಗ ಜಿಸಿಆರ್ ಎಂಬ ಆಯ್ಕೆ ಸಿಕ್ಕರೆ ಮಧ್ಯಮ ಅಥವಾ ಹೆಚ್ಚು ಎಂದು ಇಡಿ. ಮೂರು ಬಣ್ಣ ಸೇರಿ ಬೂದು ಆಗುವ ಜಾಗದಲ್ಲಿ ಅವುಗಳನ್ನು ಇಳಿಸಿ ಆ ಪಾಲನ್ನು ಕಪ್ಪಿಗೆ ವಹಿಸುವ ವಿಧಾನ ಇದು. ಶಾಯಿ ಕಡಿಮೆಯಾಗುತ್ತದೆ, ಬೇಗ ಒಣಗುತ್ತದೆ. ಮಷಿನ್ನಿನಲ್ಲಿ ಒಂದು ಶಾಯಿ ಕೊಂಚ ಏರಿಳಿದರೂ ಮಂಜು, ಮೋಡ, ಬಂಡೆಯ ಬೂದು ಹಸಿರಿಗೋ ಗುಲಾಬಿಗೋ ತಿರುಗುವುದಿಲ್ಲ. ಮಲೆನಾಡಿನ ಚಿತ್ರಗಳಲ್ಲಿ ಬೂದು ಬಣ್ಣ ಎಷ್ಟಿರುತ್ತದೆಂದು ಯೋಚಿಸಿದರೆ ಇದರ ಬೆಲೆ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಕನ್ನಡ ಅಕ್ಷರ ಒಂದೇ ಪ್ಲೇಟಿನಲ್ಲಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದು. ಕನ್ನಡದ ಸಾಲಿನಲ್ಲಿ ಮುಖ್ಯ ಅಕ್ಷರದ ಕೆಳಗೆ ಒತ್ತು ಕೂರುತ್ತದೆ, ಪಕ್ಕದಲ್ಲಿ ದೀರ್ಘ, ಒಳಗೆ ಸಣ್ಣ ಸಣ್ಣ ಸುಳಿ. 10 ಪಾಯಿಂಟಿನ ಸಾಲಿನಲ್ಲಿ ಒತ್ತಕ್ಷರದ ಗೆರೆ ಕೂದಲಿನಷ್ಟಾಗಿರುತ್ತದೆ. ಅದು ನಾಲ್ಕು ಪ್ಲೇಟಿಗೆ ಹಂಚಿಹೋದರೆ ನಾಲ್ಕೂ ಒಂದೇ ಜಾಗದಲ್ಲಿ ಕೂರುವುದು ಬಹಳ ಕಷ್ಟ.

ಹಂಚಿಹೋಗುವುದು ಹೇಗೆ? ವರ್ಡ್‌ನಲ್ಲಿ ಟೈಪಿಸಿದ ಕಪ್ಪು ಆರ್‌ಜಿಬಿ ಕಪ್ಪು. ಅದನ್ನು ಫೋಟೊಶಾಪಿನ ಹಳೆಯ ಡೀಫಾಲ್ಟ್ ಪ್ರೊಫೈಲಿಗೆ ಬದಲಿಸಿದರೆ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಕೂಡಿದರೆ 300. ಒಂದು ಅಲ್ಪವಿರಾಮಕ್ಕೂ ನಾಲ್ಕು ಶಾಯಿ! ಅಕ್ಷರದ ಬಣ್ಣವನ್ನು ಕಪ್ಪು 100, ಉಳಿದ ಮೂರೂ ಸೊನ್ನೆ ಎಂದು ಕೈಯಾರೆ ಕೊಡಿ. ಬಣ್ಣದ ಹಿನ್ನೆಲೆಯ ಮೇಲೆ ಆ ಅಕ್ಷರ ಬಂದರೆ ಓವರ್‌ಪ್ರಿಂಟ್ ಮಾಡಿ, ಅಂದರೆ ಕಪ್ಪು ಹಿನ್ನೆಲೆಯ ಶಾಯಿಯ ಮೇಲೆಯೇ ಕೂರಲಿ. ಆಗ ಹಿನ್ನೆಲೆಯಲ್ಲಿ ಅಕ್ಷರದ ಆಕಾರದ ತೂತು ಬೀಳುವುದಿಲ್ಲ, ಬಿಳಿ ಸಂದು ಕಾಣುವುದಿಲ್ಲ. ಬಿಳಿ ಅಕ್ಷರಕ್ಕೆ ಮಾತ್ರ ಓವರ್‌ಪ್ರಿಂಟ್ ಎಂದೂ ಬೇಡ. ಬಿಳಿಗೆ ಶಾಯಿಯೇ ಇಲ್ಲವಾದ್ದರಿಂದ ಅದು ಹಾಳೆಯಲ್ಲಿ ಮಾಯವಾಗುತ್ತದೆ.

ಗಾಢ ಬಣ್ಣದಲ್ಲಿ ಬಿಳಿ ಕನ್ನಡ ಅಕ್ಷರ ಬಿಡುವುದಾದರೆ ದಪ್ಪ ಫಾಂಟು, ದೊಡ್ಡ ಗಾತ್ರ, ಹಿನ್ನೆಲೆ ಒಂದೋ ಎರಡೋ ಶಾಯಿಯದು. ಕುಂಕುಮ ಕೆಂಪಿಗೆ ಮೆಜೆಂಟಾ 100, ಹಳದಿ 100 ಸಾಕು. ಕಡುಕಂದು ಹಿನ್ನೆಲೆಯಲ್ಲಿ 8 ಪಾಯಿಂಟಿನ ಬಿಳಿ ಅಕ್ಷರ ಹಾಕಿದರೆ ಒತ್ತುಗಳೆಲ್ಲ ಮುಚ್ಚಿಹೋಗಿ ಓದುಗರು ಊಹಿಸಿಕೊಳ್ಳಬೇಕಾಗುತ್ತದೆ.

ಪ್ರೆಸ್ಸಿಗೆ ಮೂಲ ಫೈಲಿನ ಬದಲು ಫಾಂಟು ಸೇರಿಸಿದ ಪಿಡಿಎಫ್ ಕೊಡಿ. ನುಡಿ, ಯೂನಿಕೋಡ್ ಎರಡೂ ಬೆರೆತ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಒತ್ತುಗಳು ಚೆದುರುವುದು ಯಾರಿಗೂ ಹೊಸದಲ್ಲ. ಪಿಡಿಎಫ್/ಎಕ್ಸ್-1ಎ ಎಂಬ ಮಾದರಿಯಲ್ಲಿ ಉಳಿಸಿದರೆ ಫಾಂಟು ಒಳಗೇ ಇರುತ್ತದೆ, ಆರ್‌ಜಿಬಿ ಒಳಗೆ ಉಳಿಯುವುದಿಲ್ಲ. ಕತ್ತರಿಸುವ ಅಂಚಿನಾಚೆ 3 ಮಿ.ಮೀ. ಬಣ್ಣ ಹರಿದಿರಲಿ.

ನಾಲ್ಕನೆಯ ಹೆಜ್ಜೆ: ಒಂದೊಂದೇ ಪ್ಲೇಟು ಬಿಡಿಸಿ ನೋಡಿ

ಅಕ್ರೋಬ್ಯಾಟ್ ಪ್ರೊದಲ್ಲಿ ಔಟ್‌ಪುಟ್ ಪ್ರಿವ್ಯೂ, ಇನ್‌ಡಿಸೈನಿನಲ್ಲಿ ಸೆಪರೇಷನ್ಸ್ ಪ್ರಿವ್ಯೂ ಇದೆ. ದುಡ್ಡು ಕೊಡದೆ ಕೆಲಸ ಆಗಬೇಕೆಂದರೆ ಸ್ಕ್ರೈಬಸ್‌ನ ಪ್ರಿಂಟ್ ಪ್ರಿವ್ಯೂ ಕೂಡ ಪ್ಲೇಟುಗಳನ್ನು ಬೇರೆಬೇರೆಯಾಗಿ ತೋರಿಸುತ್ತದೆ, ಶಾಯಿಯ ಹೊರೆಯನ್ನೂ ಗುರುತಿಸುತ್ತದೆ.

ಮೊದಲು ಕಪ್ಪನ್ನು ಮರೆಮಾಡಿ. ಪುಟದ ಕಪ್ಪು ಅಕ್ಷರವೆಲ್ಲ ಮಾಯವಾಗಬೇಕು. ಎಲ್ಲಿಯಾದರೂ ಮಸುಕಾಗಿ ಉಳಿದರೆ ಅಲ್ಲಿ ನಾಲ್ಕು ಬಣ್ಣದ ಕಪ್ಪು ಅಡಗಿದೆ. ಜಾಹೀರಾತುದಾರರು ಕಳಿಸಿದ ಪುಟಗಳಲ್ಲಿ ಇದು ಖಂಡಿತ ಸಿಗುತ್ತದೆ. ಆಮೇಲೆ ಕಪ್ಪನ್ನು ಮಾತ್ರ ಇಟ್ಟು ಉಳಿದ ಮೂರನ್ನೂ ಮರೆಮಾಡಿ. ಫೋಟೊಗಳಲ್ಲಿ ನೆರಳಿನ ಅಸ್ಥಿಪಂಜರ ಕಾಣಬೇಕು; ಮುಖದ ತುಂಬ ಕಪ್ಪು ಹರಡಿದ್ದರೆ ಆ ಮುಖ ಹಾಳೆಯಲ್ಲಿ ಕೊಳೆಯಾಗುತ್ತದೆ. ಮೆಜೆಂಟಾ ಒಂದನ್ನೇ ನೋಡಿ ಹಸಿರನ್ನು ಪರೀಕ್ಷಿಸಿ. ಹಳದಿ ಕಣ್ಣಿಗೆ ಹೆಚ್ಚು ಹೇಳುವುದಿಲ್ಲ, ಬೇಗ ದಾಟಿ. ಕೊನೆಗೆ ಒಟ್ಟು ಶಾಯಿಯ ಮಿತಿಯನ್ನು ನಿಮ್ಮ ಹಾಳೆಯ ಅಂಕಿಗೆ ಇಟ್ಟರೆ ಮೀರಿದ ಜಾಗಗಳು ಎದ್ದು ಕಾಣುತ್ತವೆ. ನಾಲ್ಕಕ್ಕಿಂತ ಹೆಚ್ಚು ಪ್ಲೇಟಿನ ಹೆಸರು ಪಟ್ಟಿಯಲ್ಲಿದ್ದರೆ ಯಾವುದೋ ಲೋಗೊದೊಳಗೆ ಸ್ಪಾಟ್ ಬಣ್ಣ (ಮೊದಲೇ ಕಲಸಿ ಬೇರೆ ಪ್ಲೇಟಿನಲ್ಲಿ ಹಾಕುವ ಶಾಯಿ) ಉಳಿದಿದೆ ಎಂದರ್ಥ. ಬೇಡವಾದರೆ ಬದಲಿಸಿ.

ಚಿತ್ತಾರದಂಥ ಕೆಲಸಕ್ಕೆ ನಾಲ್ಕು ಬಣ್ಣ ಬೇಡ

ಸಾಗರ, ಸೊರಬ ಸೀಮೆಯ ದೀವರ ಹಸೆ ಚಿತ್ತಾರವನ್ನು ಲಗ್ನಪತ್ರಿಕೆಗೂ ಪುಸ್ತಕದ ಹೊದಿಕೆಗೂ ಬಳಸುವವರು ಈಗ ಹೆಚ್ಚುತ್ತಿದ್ದಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಎಳೆಗಳು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಇದರ ಜೀವ ಇರುವುದು ಎಳೆಯಲ್ಲಿ.

ಕೆಮ್ಮಣ್ಣಿನ ಬಣ್ಣವನ್ನು ನಾಲ್ಕು ಶಾಯಿಗಳಲ್ಲಿ ಕಟ್ಟಿದರೆ ಸುಮಾರು ಸಯಾನ್ 25, ಮೆಜೆಂಟಾ 85, ಹಳದಿ 90, ಕಪ್ಪು 15 ಬೇಕಾಗುತ್ತದೆ. ಬಿಳಿ ಎಳೆ ಅಂದರೆ ಈ ನಾಲ್ಕೂ ಪ್ಲೇಟಿನಲ್ಲಿ ಅದೇ ಜಾಗ ಖಾಲಿ ಇರಬೇಕು. ಅರ್ಧ ಪಾಯಿಂಟಿನ ಎಳೆಯ ಅಗಲ 0.18 ಮಿ.ಮೀ. ಒಂದು ಪ್ಲೇಟು 0.1 ಮಿ.ಮೀ. ಜರುಗಿದರೂ ಎಳೆಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬಣ್ಣ ಮೆತ್ತುತ್ತದೆ. ಹೆಂಗಸರು ಗೋಡೆಯ ಮೇಲೆ ಉಸಿರು ಹಿಡಿದು ಎಳೆದ ಗೆರೆ ಹೀಗೆ ಕೆಡುವುದನ್ನು ನೋಡಲಾಗುವುದಿಲ್ಲ.

ಇದಕ್ಕೆ ಸ್ಪಾಟ್ ಬಣ್ಣವೇ ಸರಿ. ಪ್ಯಾಂಟೋನ್ ಎಂಬ ಶಾಯಿಬಣ್ಣಗಳ ಮಾದರಿ ಪಟ್ಟಿಯಿಂದ ಕೆಮ್ಮಣ್ಣಿಗೆ ಹತ್ತಿರದ ಒಂದು ಶಾಯಿ ಆರಿಸಿ, ಅದನ್ನೇ ಕಲಸಿ ಒಂದೇ ಪ್ಲೇಟಿನಲ್ಲಿ ಅಚ್ಚು ಹಾಕಿಸಿ. ಒಂದೇ ಪ್ಲೇಟು ಇದ್ದಾಗ ಜರುಗುವ ಪ್ರಶ್ನೆಯೇ ಇಲ್ಲ, ಎಳೆ ಹಾಳೆಯ ಬಿಳಿಯಲ್ಲೇ ನಿಲ್ಲುತ್ತದೆ. ಕಪ್ಪು ಬೇಕಾದರೆ ಎರಡನೆಯ ಪ್ಲೇಟು. ಖರ್ಚೂ ಇಳಿಯುತ್ತದೆ. ಕಂದು ಹಾಳೆಯ ಮೇಲೆ ನಿಜವಾದ ಬಿಳಿಯೇ ಬೇಕೆಂದರೆ ಸ್ಕ್ರೀನ್ ಪ್ರಿಂಟಿಂಗಿಗೆ ಹೋಗಿ. ಆಫ್‌ಸೆಟ್ಟಿನ ಬಿಳಿ ಶಾಯಿಯ ಪದರ ಹಿನ್ನೆಲೆಯನ್ನು ಮುಚ್ಚುವಷ್ಟು ದಪ್ಪ ಬರುವುದಿಲ್ಲ. ಯಕ್ಷಗಾನದ ಕಿರೀಟದ ಚಿನ್ನದ ಮಿಂಚೂ ನಾಲ್ಕು ಬಣ್ಣಗಳಲ್ಲಿ ಹುಟ್ಟದು. ಮೆಟಾಲಿಕ್ ಶಾಯಿ ಅಥವಾ ಫಾಯಿಲ್ ಬೇಕು.

ಮಳೆಗಾಲದ ಲೆಕ್ಕ

ಆಗುಂಬೆ, ಹುಲಿಕಲ್ ಸುತ್ತಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅದಕ್ಕಿಂತ ಕಡಿಮೆ, ಆದರೂ ತೇವ ಸಾಕಷ್ಟಿರುತ್ತದೆ. ಕಾಗದ ತೇವ ಹೀರಿ ಹಿಗ್ಗುತ್ತದೆ. ನಾರಿನ ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ಹೆಚ್ಚು. ಅಡ್ಡಕ್ಕೆ ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೂ 700 ಮಿ.ಮೀ. ಹಾಳೆಯಲ್ಲಿ ಅದು 0.7 ಮಿ.ಮೀ. ಆಗುತ್ತದೆ. ಮೇಲೆ ಹೇಳಿದ ಎಳೆಯ ಅಗಲದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ನಾಲ್ಕು ಬಣ್ಣದ ಮಷಿನ್ನಿನಲ್ಲಿ ನಾಲ್ಕೂ ಶಾಯಿ ಒಂದೇ ಓಟದಲ್ಲಿ ಕೂರುತ್ತವೆ, ಮಧ್ಯೆ ಕಾಗದಕ್ಕೆ ಹಿಗ್ಗಲು ಸಮಯವಿಲ್ಲ. ಒಂದು ಅಥವಾ ಎರಡು ಬಣ್ಣದ ಮಷಿನ್ನಿನಲ್ಲಿ ಹಾಳೆ ಕ್ರಮವಾಗಿ ನಾಲ್ಕು ಅಥವಾ ಎರಡು ಸಲ ಹೋಗಬೇಕು. ಆಫ್‌ಸೆಟ್ಟಿಗೆ ನೀರು ಬೇಕೇ ಬೇಕು, ಚಿತ್ರವಿಲ್ಲದ ಜಾಗಕ್ಕೆ ಶಾಯಿ ಹತ್ತದಂತೆ ಪ್ಲೇಟನ್ನು ತೇವ ಮಾಡುತ್ತಿರುತ್ತದೆ. ಆ ನೀರೂ ಹೊರಗಿನ ಹಸಿಯೂ ಸೇರಿ ಎರಡನೆಯ ಓಟಕ್ಕೆ ಬರುವಷ್ಟರಲ್ಲಿ ಹಾಳೆಯ ಅಳತೆ ಬದಲಾಗಿರುತ್ತದೆ. ಎರಡು ಬಣ್ಣದ ಮಷಿನ್ನಿನಲ್ಲಿ ಮಳೆಗಾಲದ ಕೆಲಸವೆಂದು ಗೊತ್ತಾದರೆ ಡಿಸೈನನ್ನೇ ಅದಕ್ಕೆ ಒಗ್ಗಿಸಿ: ಸಣ್ಣ ಬಿಳಿ ಅಕ್ಷರ ಬೇಡ, ಅಂಟಿಕೊಂಡ ಎರಡು ಬಣ್ಣಗಳ ನಡುವೆ 0.1 ಮಿ.ಮೀ.ನಷ್ಟು ಟ್ರ್ಯಾಪಿಂಗ್ (ಒಂದರ ಅಂಚು ಇನ್ನೊಂದರ ಮೇಲೆ ಹತ್ತುವುದು) ಇರಲಿ, ಅದರಲ್ಲೂ ತಿಳಿ ಬಣ್ಣವನ್ನು ಗಾಢದೊಳಗೆ ಹರಡಿಸಿ.

ಕಾಗದ ನೀವೇ ತಂದುಕೊಡುವುದಾದರೆ ರೀಮಿನ ಹೊದಿಕೆ ಬಿಚ್ಚದೆ ಒಂದೆರಡು ದಿನ ಮಷಿನ್ ಕೋಣೆಯಲ್ಲೇ ಇರಿಸಿ, ಗೋಡೆಗೂ ನೆಲಕ್ಕೂ ತಾಗದಂತೆ ಹಲಗೆಯ ಮೇಲೆ. ಕೋಣೆಯ ತೇವಾಂಶ ಶೇ 45ರಿಂದ 55 ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಅದು ಯಂತ್ರವಿಲ್ಲದೆ ಸಾಧ್ಯವಿಲ್ಲ. ಅದಕ್ಕೇ ಡಿಸೆಂಬರಿನ ಉತ್ಸವದ ಸಂಚಿಕೆಯ ಬಹುವರ್ಣದ ಪುಟಗಳನ್ನು ಆಗಸ್ಟಿನಲ್ಲೇ ಅಚ್ಚು ಮಾಡಿಸುವ ಆತುರ ಬೇಡ ಎನ್ನುವುದು ನನ್ನ ಸಲಹೆ.

ಕೊನೆಯ ಹೆಜ್ಜೆ: ಮಷಿನ್ನಿನ ಮುಂದೆ

ಪ್ರೂಫು ಕೇಳಿ ಪಡೆಯಿರಿ. ಪೇಟೆಯ ಡಿಜಿಟಲ್ ಅಂಗಡಿಯಲ್ಲಿ ತೆಗೆಸಿದ ಕಲರ್ ಪ್ರಿಂಟು ಆಫ್‌ಸೆಟ್ಟಿಗೆ ಪ್ರೂಫ್ ಆಗುವುದಿಲ್ಲ. ನಿಮ್ಮ ಹಾಳೆಯ ಪ್ರೊಫೈಲಿನಿಂದ ತೆಗೆದದ್ದೇ ಆಗಬೇಕು. ಅದನ್ನು ಹಳದಿ ಬಲ್ಬಿನ ಕೆಳಗೆ ನೋಡಬೇಡಿ. ಮುದ್ರಣದ ರೂಢಿ 5000 ಕೆಲ್ವಿನ್ ಬೆಳಕು. ಅದಿಲ್ಲದಿದ್ದರೆ ಮಧ್ಯಾಹ್ನದ ಕಿಟಕಿಯ ಬೆಳಕು ಸಾಕು.

ಮೊದಲ ಹಾಳೆಗಳು ಬಂದಾಗ ಭೂತಗನ್ನಡಿ ಹಿಡಿದು ಹಾಳೆಯ ನಾಲ್ಕೂ ಬದಿಯ ರಿಜಿಸ್ಟ್ರೇಷನ್ ಗುರುತು ನೋಡಿ, ನಾಲ್ಕು ಬಣ್ಣದ ಗೆರೆ ಒಂದೇ ಗೆರೆಯಾಗಿ ಕಾಣಬೇಕು. ಒಂದು ಬದಿಯಲ್ಲಿ ಸರಿಯಿದ್ದು ಇನ್ನೊಂದು ಬದಿಯಲ್ಲಿ ಬಿಚ್ಚಿಕೊಂಡಿದ್ದರೆ ಹಾಳೆ ಹಿಗ್ಗಿದೆ, ಪ್ಲೇಟು ಸರಿಸಿದರೆ ಅದು ಸರಿಯಾಗುವುದಿಲ್ಲ. ಅಂಚಿನ ಕಲರ್ ಬಾರಿನಲ್ಲಿ (ಶಾಯಿ ಪರೀಕ್ಷಿಸುವ ಬಣ್ಣದ ಸಾಲು) ಬೂದು ಪಟ್ಟಿ ಬೂದಾಗಿಯೇ ಇದೆಯೇ ನೋಡಿ. ಆಮೇಲೆ ಮುಖಗಳು, ಹಸಿರು, ಒತ್ತಕ್ಷರಗಳು, ಈ ಕ್ರಮದಲ್ಲಿ. ಮಷಿನ್‌ಮನ್‌ಗೆ ಹೇಳುವಾಗ ಚಿತ್ರ ಚೆನ್ನಾಗಿಲ್ಲ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಈ ಕಡೆಯ ಸಾಲಿನಲ್ಲಿ ಮೆಜೆಂಟಾ ಸ್ವಲ್ಪ ಇಳಿಸಿ ಅನ್ನಿ. ಒಂದೇ ದೊಡ್ಡ ಹಾಳೆಯಲ್ಲಿ ಹಲವು ಪುಟ ಒಟ್ಟಿಗೆ ಅಚ್ಚಾಗುವುದರಿಂದ, ಒಂದು ಸಾಲಿನಲ್ಲಿ ಇಳಿಸಿದ ಶಾಯಿ ಅದೇ ಸಾಲಿನ ಮುಂದಿನ ಪುಟದಲ್ಲೂ ಇಳಿಯುತ್ತದೆಂಬುದು ನೆನಪಿರಲಿ. ಅಲ್ಲಿ ಜಾತ್ರೆಯ ಕೆಂಪು ಛತ್ರಿ ಇದ್ದರೆ ಅದು ಸೊರಗುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕೆಂದು ನೀವೇ ಅಲ್ಲೇ ತೀರ್ಮಾನಿಸಬೇಕು.

ಒಪ್ಪಿಗೆಯಾದ ಹಾಳೆಗೆ ಸಹಿ ಹಾಕಿ, ತಾರೀಖು ಬರೆದು ಮಷಿನ್ನಿನ ಪಕ್ಕದಲ್ಲೇ ಬಿಡಿ. ಉಳಿದ ಫಾರಂಗಳನ್ನೂ (ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಅದಕ್ಕೇ ಹೋಲಿಸಿ ಓಡಿಸಲು ಹೇಳಿ. ತೇವದ ದಿನಗಳಲ್ಲಿ ಶಾಯಿ ನಿಧಾನ ಒಣಗುವುದರಿಂದ ಅಚ್ಚಾದ ಹಾಳೆಗಳ ರಾಶಿಯನ್ನು ಗಿಡ್ಡ ಇಡಿಸಿ, ಗಾಢ ಬಣ್ಣದ ಜಾಗಕ್ಕೆ ಹೆಬ್ಬೆರಳು ಒತ್ತಿ ಉಜ್ಜಿದರೂ ಶಾಯಿ ಅಂಟದಷ್ಟು ಒಣಗಿದ ಮೇಲೆಯೇ ಮಡಿಸಲು, ಕತ್ತರಿಸಲು ಬಿಡಿ.